ಹಾಡು ಹೋಗಿ ಜಿಲೇಬಿ ಬಂತು
ಪ್ರಶ್ನೆ: ಮಂಡ್ಯದ ನಮ್ಮ ಸಭೇಲಿ ಮೊದ್ಲು ನಲವತ್ತು ಜನ ಇದ್ರು, ಈಗ ಇನ್ನೂರು ದಾಟಿದೆ, ಹೊಸ ಹಾಲಿಗೆ ಬಂದಿದ್ದೀವಿ. ಹಾಡಿನ ಸ್ಲೈಡು ನಾನೇ ಮಾಡೋದು, ಮನೇಲಿ ಸರಿ ಇದ್ದ ಅಕ್ಷರ ಚರ್ಚಿನ ಲ್ಯಾಪ್‌ಟಾಪಲ್ಲಿ ಜಿಲೇಬಿ ಥರ ಆಗೋಗುತ್ತೆ. ಹಾಲಿನ ಹಿಂದುಗಡೆ ಎಕ್ಸ್‌ಟ್ರಾ ಸ್ಪೀಕರ್ ಬಾಕ್ಸ್ ಹಾಕಿದ್ಮೇಲೆ ಅಲ್ಲಿ ಕೂತವ್ರಿಗೆ ಒಂದೇ ಮಾತು ಎರಡು ಸಲ ಕೇಳುತ್ತಂತೆ. ಏನ್ಮಾಡ್ಲಿ?

ಉತ್ತರ: ಬಹುಶಃ ಹಳೇ ನುಡಿ ಫಾಂಟಿನ ಕಾಟ ಕಣ್ರೀ. ಅದ್ರಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರಿಗೆ ಕನ್ನಡವೇ ಅಲ್ಲ, ಇಂಗ್ಲಿಷ್ ಕೋಡಿಗೆ ಕನ್ನಡದ ವೇಷ ಹಾಕಿರ್ತಾರೆ ಅಷ್ಟೇ, ಆ ಫಾಂಟು ಇಲ್ಲದ ಕಡೆ ವೇಷ ಕಳಚಿ ಬೀಳುತ್ತೆ. ಎಲ್ಲಾ ಹಾಡನ್ನೂ ಯೂನಿಕೋಡಿಗೆ, ಅಂದ್ರೆ ಕಂಪ್ಯೂಟರು ಕನ್ನಡವನ್ನ ಕನ್ನಡ ಅಂತಲೇ ಗುರುತಿಸೋ ಕೋಡಿಗೆ, ಕನ್ವರ್ಟ್ ಮಾಡ್ಕೊಳ್ಳಿ, ಆಮೇಲೆ ಒತ್ತಕ್ಷರ ಅರ್ಕಾವತ್ತು ಎಲ್ಲಾ ಕಣ್ಣಾಡಿಸ್ಲೇಬೇಕು, 'ಕರ್ತನೇ' ಹೋಗಿ 'ಕತನೇ' ಅಂತ ಬಂದ್ರೆ ಹುಡುಗ್ರು ಆರಾಧನೆ ಮುಗಿಯೋವರೆಗೂ ಕಿಸಕ್ ಅಂತಿರ್ತಾರೆ.

ಸೌಂಡಿಂದು ಸುಲಭ. ಹಿಂದಿನ ಬಾಕ್ಸಿಗೆ ವೈರಲ್ಲಿ ತಕ್ಷಣ ಬರುತ್ತೆ, ಸ್ಟೇಜಿಂದು ಗಾಳೀಲಿ ನಿಧಾನಕ್ಕೆ ಬರುತ್ತೆ, ಸೆಕೆಂಡಿಗೆ ಸುಮಾರು 340 ಮೀಟರ್. ಬಾಕ್ಸು ಸ್ಟೇಜಿಂದ 17 ಮೀಟರ್ ಹಿಂದಿದ್ರೆ ಮಿಕ್ಸರಲ್ಲಿ ಅದಕ್ಕೆ 50 ಮಿಲಿಸೆಕೆಂಡ್ ಡಿಲೇ ಕೊಡಿ, ಎರಡೂ ಒಟ್ಟಿಗೆ ಕೇಳುತ್ತೆ. ಆದ್ರೆ ಶನಿವಾರ ಸಂಜೆನೇ ನೋಡ್ಕೊಳ್ಳಿ, ಭಾನುವಾರ ಎಲ್ರೂ ಕಣ್ಮುಚ್ಚಿ ಪ್ರಾರ್ಥನೆ ಮಾಡ್ತಿರುವಾಗ ವೈರ್ ಎಳೀಬೇಡಿ ಮಾರಾಯ್ರೆ.