ಮರುಭೂಮಿ ಸೀಮೆಯ ಕುರಿಮರಿ ಬೇಗ ಬೆಳೆಯಲು ದಪ್ಪ ಟಗರು ಇದ್ದರೆ ಸಾಕಾ?

ಸಾಲದು. ಮೊದಲ ಎರಡು ಮೂರು ತಿಂಗಳು ಮರಿಯ ತೂಕ ಅದರ ಸ್ವಂತ ಜೀನ್‌ಗಳ ಜೊತೆಗೆ ತಾಯಿಯ ಹಾಲನ್ನೂ ನಂಬಿರುತ್ತದೆ. ಮೇವು ಕಮ್ಮಿ ಇರುವ ಕಡೆ ಇದು ಇನ್ನೂ ಜಾಸ್ತಿ. ತಂದೆಯಿಂದ ಬೆಳೆಯುವ ಗುಣ ಬಂದಿದ್ದರೂ ಕೆಚ್ಚಲಲ್ಲಿ ಹಾಲಿಲ್ಲದಿದ್ದರೆ ಮರಿ ಸೊರಗುತ್ತದೆ.

ರಾಜಸ್ಥಾನದ ಅವಿಕಾನಗರದಲ್ಲಿರುವ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ 'ಅವಿಶಾನ್' ತಳಿ ನೋಡಿ. ಬಂಗಾಳದ ಗರೋಲ್ ಕುರಿಯಿಂದ ಅವಳಿ ಮರಿ ಹಾಕಿಸುವ ಫೆಕ್-ಬಿ ಜೀನ್ ತಂದರು. ಎರಡು ಮರಿಗೆ ಹಾಲು ಸಾಲಬೇಕಲ್ವಾ? ಅದಕ್ಕೇ ಗುಜರಾತಿನ ಪಾಟಣವಾಡಿ ತಳಿ ಬೆರೆಸಿದರು. ಮೈಕಟ್ಟಿಗೆ ರಾಜಸ್ಥಾನದ್ದೇ ಆದ ಮಾಲ್ಪುರ ತಳಿ.

ಹಾಲಿನ ಗುಣಕ್ಕೆ ಫೆಕ್-ಬಿಯಂತೆ ಒಂದೇ ದೊಡ್ಡ ಜೀನ್ ಇಲ್ಲ, ಹಲವು ಜೀನ್‌ಗಳು ಸ್ವಲ್ಪ ಸ್ವಲ್ಪ ಸೇರುತ್ತವೆ. ಹುಟ್ಟುವ ಹೆಣ್ಣುಮರಿಗೆ ಇವುಗಳ ಅರ್ಧ ಪಾಲು ಟಗರಿನಿಂದಲೂ ಬರುತ್ತದೆ, ಆದರೆ ಅದರ ಮೈ ನೋಡಿದರೆ ತಿಳಿಯದು. ಟಗರು ಆರಿಸುವಾಗ ಅದರ ತಾಯಿ ಎಷ್ಟು ಹಾಲು ಕೊಡುತ್ತಿತ್ತು ಅಂತ ತಪ್ಪದೇ ಕೇಳಿ.