ಓದುಗರ ಪ್ರಶ್ನೆ, ನಮ್ಮ ಉತ್ತರ: ಹೊಸ ಅಧ್ಯಾಪಕರು ಮತ್ತು ಸಂಶೋಧನಾ ಅನುದಾನ

ಪ್ರಶ್ನೆ: ರಾಯಚೂರು ಜಿಲ್ಲೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಸಹಾಯಕ ಪ್ರಾಧ್ಯಾಪಕನಾಗಿದ್ದೇನೆ. ಪರಿಶಿಷ್ಟ ಜಾತಿಗೆ ಸೇರಿದವನು. ನಮ್ಮ ಮನೆತನದಲ್ಲಿ ಪಿಯುಸಿ ದಾಟಿದವನು ನಾನೊಬ್ಬನೇ. ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಹಾರುಬೂದಿಯನ್ನು ಬಳಸಿ ಬಾವಿನೀರಿನ ಫ್ಲೋರೈಡ್ ತೆಗೆಯುವ ಬಗ್ಗೆ ನಾನು ಸಲ್ಲಿಸಿದ್ದ ಪ್ರಸ್ತಾವನೆ, ‘ಹೊಸತನ ಸಾಲದು, ಸೌಲಭ್ಯವೂ ಸಾಲದು’ ಎಂಬ ಟಿಪ್ಪಣಿಯೊಂದಿಗೆ ತಿರಸ್ಕೃತವಾಯಿತು. ಇನ್ನೊಮ್ಮೆ ಸಲ್ಲಿಸುವುದಾದರೆ ಪರಿಶಿಷ್ಟರಿಗೆಂದೇ ಇರುವ ಯೋಜನೆಗೆ ಸಲ್ಲಿಸಲೇ, ಸಾಮಾನ್ಯ ಯೋಜನೆಗೆ ಸಲ್ಲಿಸಲೇ? ಮೊದಲನೆಯದರಲ್ಲಿ ಸಿಕ್ಕಿದ ಅನುದಾನಕ್ಕೆ ಬೆಲೆ ಕಡಿಮೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. — ಹೆಸರು ಬೇಡ, ರಾಯಚೂರು

ಉತ್ತರ: ಸಹೋದ್ಯೋಗಿಗಳ ಮಾತನ್ನು ಬದಿಗಿಡಿ. ಹಿಂದಿನ ಎಸ್‌ಇಆರ್‌ಬಿ (ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ) ಪರಿಶಿಷ್ಟ ಜಾತಿ ಮತ್ತು ಪಂಗಡದ ಸಂಶೋಧಕರಿಗಾಗಿ ನಡೆಸುತ್ತಿದ್ದ ಇಇಕ್ಯೂ ಯೋಜನೆಯಲ್ಲಿ ಮೂರು ವರ್ಷಕ್ಕೆ 50 ಲಕ್ಷ ರೂಪಾಯಿಯವರೆಗೆ ದೊರೆಯುತ್ತಿತ್ತು, ಮತ್ತು ಅಲ್ಲಿಯೂ ಪ್ರಸ್ತಾವನೆಗಳನ್ನು ವಿಷಯತಜ್ಞರೇ ಓದಿ ಅಳೆಯುತ್ತಿದ್ದರು. 2023ರ ಕಾಯಿದೆಯಂತೆ ಎಸ್‌ಇಆರ್‌ಬಿ 2024ರಲ್ಲಿ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ, ಅಂದರೆ ಎಎನ್‌ಆರ್‌ಎಫ್‌ನಲ್ಲಿ ವಿಲೀನವಾಗಿದೆ. ಪರಿಶಿಷ್ಟರಿಗೆ ಈಗಿರುವುದು ಇನ್‌ಕ್ಲೂಸಿವಿಟಿ ರಿಸರ್ಚ್ ಗ್ರಾಂಟ್. ರಾಜ್ಯ ವಿಶ್ವವಿದ್ಯಾಲಯಗಳ ಮತ್ತು ಕಾಲೇಜುಗಳ ಅಧ್ಯಾಪಕರಿಗಾಗಿ ಎಸ್‌ಇಆರ್‌ಬಿ ಕಾಲದಲ್ಲಿ ಆರಂಭವಾದ ಶೂರ್ ಯೋಜನೆಯ ಮಿತಿ 30 ಲಕ್ಷ. ಇವುಗಳಲ್ಲಿ ಆಯ್ಕೆ ಮಾಡಬೇಕಾದದ್ದು ನಿಮ್ಮ ಕೆಲಸಕ್ಕೆ ಎಷ್ಟು ಹಣ ಬೇಕು, ಯಾವುದರ ಅರ್ಜಿ ಆಹ್ವಾನ ಮೊದಲು ಬರುತ್ತದೆ ಎಂಬುದನ್ನು ನೋಡಿಯೇ ಹೊರತು ಮರ್ಯಾದೆಯ ಲೆಕ್ಕದಿಂದಲ್ಲ. ಆದರೆ ಒಂದೇ ಪ್ರಸ್ತಾವನೆಯನ್ನು ಒಂದೇ ಕಾಲಕ್ಕೆ ಎರಡು ಕಡೆಗೆ ಕಳುಹಿಸಬೇಡಿ.

‘ಹೊಸತನ ಸಾಲದು’ ಎಂಬ ಟೀಕೆಯಲ್ಲಿ ಹುರುಳಿದೆ ಎಂದೇ ನನಗನ್ನಿಸುತ್ತದೆ. ಭಟ್ಟಿಯಿಳಿಸಿದ ನೀರಿಗೆ ಸೋಡಿಯಂ ಫ್ಲೋರೈಡ್ ಬೆರೆಸಿ, ಹಾರುಬೂದಿಯೋ ಇನ್ನೊಂದೋ ಅದನ್ನು ಶೇಕಡಾ ಎಷ್ಟು ಹೀರಿತು ಎಂದು ತೋರಿಸುವ ಪ್ರಬಂಧಗಳು ಈಗಾಗಲೇ ರಾಶಿ ಬಿದ್ದಿವೆ. ಆದರೆ ಫ್ಲೋರೈಡ್ ಹೆಚ್ಚಿರುವ ಬಾವಿನೀರಿನಲ್ಲಿ ಬೈಕಾರ್ಬೊನೇಟ್ ಕೂಡ ಸಾಮಾನ್ಯವಾಗಿ ಹೆಚ್ಚಿರುತ್ತದೆ, ಅದು ನೀರಿನ ಪಿಎಚ್ ಏರಿಸಿ ಹೀರಿಕೆಯನ್ನು ಕುಗ್ಗಿಸುತ್ತದೆ. ಹಾರುಬೂದಿಯಿಂದ ಆರ್ಸೆನಿಕ್‌ನಂಥ ಧಾತುಗಳು ನೀರಿಗೆ ಇಳಿಯುವ ಅಪಾಯವೂ ಇದೆ. ಬಳಸಿದ ಬೂದಿಯನ್ನು ಕೊನೆಗೆ ಎಲ್ಲಿ ಹಾಕುವುದೆಂಬ ಪ್ರಶ್ನೆ ಬೇರೆ. ಲೀಟರಿಗೆ 1 ಮಿಲಿಗ್ರಾಂ ಎಂಬ ಭಾರತೀಯ ಮಾನಕಕ್ಕೆ ನಿಮ್ಮ ಊರಿನ ಬಾವಿಯ ನೀರೇ ಇಳಿಯುತ್ತದೆಯೇ, ಎಷ್ಟು ತಿಂಗಳವರೆಗೆ ಇಳಿಯುತ್ತದೆ ಎಂಬುದನ್ನು ನೀವು ಕೇಳಿದರೆ, ಆ ಬಾವಿಗಳ ನಡುವೆ ಬದುಕುವ ನಿಮಗೆ ಇರುವ ಅನುಕೂಲ ಬೆಂಗಳೂರಿನ ಯಾವ ಪ್ರಯೋಗಾಲಯಕ್ಕೂ ಇಲ್ಲ. ಹತ್ತು ಬಾವಿಗಳ ನೀರನ್ನು ಈಗಲೇ ಪರೀಕ್ಷಿಸಿ ಆ ಅಂಕಿಗಳನ್ನು ಮೊದಲ ಪುಟದಲ್ಲಿ ಕೊಡಿ. ಪರಿಶೀಲಕರಲ್ಲಿ ಅನೇಕರು ನಿಮ್ಮ ಪ್ರಸ್ತಾವನೆಯ ಬಗ್ಗೆ ಒಂದು ಅಭಿಪ್ರಾಯಕ್ಕೆ ಬರುವುದೇ ಮೊದಲ ಪುಟದಲ್ಲಿ. ಅದು ನ್ಯಾಯವೇ ಎಂದು ಕೇಳಬೇಡಿ.

‘ಸೌಲಭ್ಯವೂ ಸಾಲದು’ ಎಂಬ ಎರಡನೆಯ ಟೀಕೆಗೆ ಉಪಕರಣಗಳ ಉದ್ದನೆಯ ಪಟ್ಟಿ ಉತ್ತರವಾಗುವುದಿಲ್ಲ. ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧನಾ ಫೆಲೋ ಒಬ್ಬರಿಗೆ ಈಗಿನ ದರದಲ್ಲಿ ಮೊದಲ ಎರಡು ವರ್ಷ ತಿಂಗಳಿಗೆ 37,000, ಮೂರನೆಯ ವರ್ಷ 42,000 ರೂಪಾಯಿ ಎಂದು ಹಿಡಿದರೂ, ಮನೆಬಾಡಿಗೆ ಭತ್ಯೆ ಬಿಟ್ಟು 13.92 ಲಕ್ಷವಾಗುತ್ತದೆ. 30 ಲಕ್ಷದ ಯೋಜನೆಯಲ್ಲಿ ಅರ್ಧಕ್ಕೆ ಹತ್ತಿರದ ಹಣ ಅಲ್ಲಿಗೇ ಮುಗಿಯುವುದರಿಂದ, ದೊಡ್ಡ ಉಪಕರಣದ ಆಸೆ ಬಿಟ್ಟು, ಸಂಶೋಧನಾ ಉಪಕರಣಗಳ ಮಾಹಿತಿ ಕೊಡುವ ಸರ್ಕಾರಿ ಐ-ಸ್ಟೆಮ್ ಪೋರ್ಟಲ್‌ನಲ್ಲಿ ಅದು ಯಾವ ಸಂಸ್ಥೆಯಲ್ಲಿದೆ ಎಂದು ಹುಡುಕಿ, ಬಳಕೆಗೆ ಒಪ್ಪಿದ ಪತ್ರವನ್ನು ತರಿಸಿ ಲಗತ್ತಿಸಿ. ಹೆಸರಾಂತ ಹಿರಿಯರೊಬ್ಬರನ್ನು ಸಹ-ಸಂಶೋಧಕರನ್ನಾಗಿ ಸೇರಿಸಿದರೆ ಎಲ್ಲವೂ ಸರಿಹೋದೀತೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅವರ ಪಾಲಿನ ಕೆಲಸ ಇಂಥದ್ದೇ ಎಂದು ಬರೆದಿಡದಿದ್ದರೆ, ಯೋಜನೆ ಅವರದು, ದುಡಿಮೆ ಮಾತ್ರ ನಿಮ್ಮದು ಎಂದು ಓದುವವರಿಗೆ ಅನ್ನಿಸುತ್ತದೆ, ಕೆಲವೊಮ್ಮೆ ಕೊನೆಗೆ ಆಗುವುದೂ ಅದೇ.

ಪ್ರಶ್ನೆ: ನಮ್ಮ ವಿಜ್ಞಾನ ವಿಭಾಗಗಳಿಗೆ ಈಚೆಗೆ ಬಂದ ಅಧ್ಯಾಪಕರಲ್ಲಿ ಹೆಚ್ಚಿನವರು ಹಿಂದುಳಿದ ಸಮುದಾಯಗಳ ಮೊದಲ ತಲೆಮಾರಿನವರು. ಅವರಿಗಾಗಿ ಅನುದಾನದ ಕುರಿತು ಒಂದು ದಿನದ ಕಾರ್ಯಾಗಾರ ನಡೆಸಿದೆವು. ಒಬ್ಬರೂ ಅರ್ಜಿ ಹಾಕಲಿಲ್ಲ. ಆಸಕ್ತಿಯ ಕೊರತೆ ಎನ್ನೋಣವೇ? — ಪ್ರಾಂಶುಪಾಲರು, ದಾವಣಗೆರೆ

ಉತ್ತರ: ದಯವಿಟ್ಟು ಹಾಗೆನ್ನಬೇಡಿ. ದೊಡ್ಡ ಸಂಸ್ಥೆಗಳಲ್ಲಿ ಹೊಸಬರು ಅನುದಾನದ ವಿದ್ಯೆಯನ್ನು ಕಲಿಯುವುದು ಕಾರ್ಯಾಗಾರದಲ್ಲಲ್ಲ; ಪಕ್ಕದ ಕೊಠಡಿಯವರ ಗೆದ್ದ ಪ್ರಸ್ತಾವನೆಯನ್ನೂ ಸೋತ ಪ್ರಸ್ತಾವನೆಯನ್ನೂ ಓದಿ, ತಮ್ಮ ಕರಡನ್ನು ಊಟದ ಹೊತ್ತಿನಲ್ಲಿ ನಾಲ್ವರಿಗೆ ತೋರಿಸಿ ಬೈಸಿಕೊಂಡು ಕಲಿಯುತ್ತಾರೆ. ನಿಮ್ಮ ಅಧ್ಯಾಪಕರಿಗೆ ಇಲ್ಲದಿರುವುದು ಈ ನೆರೆಹೊರೆ. ಅನುದಾನ ಪಡೆದ ಮೂವರು ನಾಲ್ವರನ್ನು ಒಪ್ಪಿಸಿ ಅವರ ಪೂರ್ಣ ಪ್ರಸ್ತಾವನೆಗಳನ್ನು, ತಜ್ಞರ ಟೀಕೆಗಳ ಸಮೇತ, ವಿಭಾಗದಲ್ಲಿ ಓದಲು ಇಡಿ. ಕೊನೆಯ ದಿನಾಂಕಕ್ಕೆ ಆರು ವಾರ ಮುಂಚೆ ಪ್ರತಿ ಕರಡನ್ನೂ ಆ ವಿಷಯದ ತಜ್ಞರೊಬ್ಬರು, ಬೇರೆ ವಿಷಯದವರೊಬ್ಬರು ಓದುವಂತೆ ಮಾಡಿ. ಬೇರೆ ವಿಷಯದವರಿಗೆ ಅರ್ಥವಾಗದ ಪ್ರಸ್ತಾವನೆ ಸಮಿತಿಯಲ್ಲಿಯೂ ಎಡವುತ್ತದೆ, ಏಕೆಂದರೆ ಅಲ್ಲಿ ಕುಳಿತವರೆಲ್ಲರೂ ನಿಮ್ಮ ವಿಷಯದವರಾಗಿರುವುದಿಲ್ಲ.

ಇನ್ನು ಸಮಯದ ವಿಚಾರ. 2018ರ ಯುಜಿಸಿ ನಿಯಮದಂತೆ ಸಹಾಯಕ ಪ್ರಾಧ್ಯಾಪಕರ ಬೋಧನೆಯೇ ವಾರಕ್ಕೆ 16 ಗಂಟೆ. ಅದರ ಮೇಲೆ ನ್ಯಾಕ್ ಮೌಲ್ಯಮಾಪನದ ಕಡತ, ಪರೀಕ್ಷಾ ಕೆಲಸ, ಎನ್‌ಎಸ್‌ಎಸ್ ಶಿಬಿರಗಳೆಲ್ಲವೂ ಕಿರಿಯರ ಹೆಗಲಿಗೇ ಬೀಳುತ್ತವೆ, ಅವರಲ್ಲಿಯೂ ‘ಆಗುವುದಿಲ್ಲ’ ಎನ್ನುವ ಧೈರ್ಯ ಇಲ್ಲದವರ ಹೆಗಲಿಗೆ ಹೆಚ್ಚಾಗಿ. ಪ್ರಸ್ತಾವನೆ ಬರೆಯುವವರಿಗೆ ಒಂದು ಸೆಮಿಸ್ಟರ್ ಈ ಹೆಚ್ಚುವರಿ ಕೆಲಸಗಳಿಂದ ಲಿಖಿತ ಆದೇಶದ ಮೂಲಕ ವಿನಾಯಿತಿ ಕೊಡಿ. ನಿಮ್ಮ ಕಚೇರಿಯನ್ನೂ ಸಿದ್ಧಪಡಿಸಬೇಕು: ಸಂಸ್ಥೆಯ ಮುಖ್ಯಸ್ಥರ ಒಪ್ಪಿಗೆ ಪತ್ರ ಎರಡು ದಿನದಲ್ಲಿ ಸಿಗಬೇಕು, ಹಣಬಳಕೆ ಪ್ರಮಾಣಪತ್ರ (ಯುಸಿ) ಕಾಲಕ್ಕೆ ಸರಿಯಾಗಿ ಹೋಗಬೇಕು. ಯುಸಿ ತಡವಾಗಿ ಎರಡನೆಯ ಕಂತು ನಿಂತರೆ, ಸಂಬಳ ಸಿಗದೆ ಬಿಟ್ಟುಹೋಗುವವರು ಸಂಶೋಧನಾ ಸಹಾಯಕರು, ಕೆಟ್ಟ ಹೆಸರು ಬರುವುದು ಆ ಅಧ್ಯಾಪಕರಿಗೆ.

ಪ್ರಶ್ನೆ: ಧಾರ್ಮಿಕ ಅಲ್ಪಸಂಖ್ಯಾತ ಸಮುದಾಯದ ಸಸ್ಯಶಾಸ್ತ್ರ ಅಧ್ಯಾಪಕಿ ನಾನು. ನಮಗೆ ಪ್ರತ್ಯೇಕ ಸಂಶೋಧನಾ ಯೋಜನೆ ಇದೆಯೇ? — ಓದುಗರೊಬ್ಬರು, ವಿಜಯಪುರ

ಉತ್ತರ: ಎಎನ್‌ಆರ್‌ಎಫ್‌ನಲ್ಲಿ ಧರ್ಮದ ಆಧಾರದ ಯೋಜನೆ ಇಲ್ಲ. ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಇದ್ದ ಮೌಲಾನಾ ಆಜಾದ್ ಫೆಲೋಶಿಪ್ ನಿಲ್ಲಿಸಿರುವುದನ್ನು ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ತಿಳಿಸಿತು. ಆ ಮೆಟ್ಟಿಲು ಹೋದದ್ದರ ಪರಿಣಾಮ ಮುಂದೆ ಅಧ್ಯಾಪಕರ ಸಂಖ್ಯೆಯಲ್ಲಿ ಕಾಣುವುದೆಂಬುದು ನನ್ನ ಆತಂಕ. ನಿಮಗೆ ಶೂರ್ ಮತ್ತು ಮಹಿಳೆಯರಿಗಾಗಿರುವ ಯೋಜನೆಗಳು ಹೊಂದುತ್ತವೆ. 2020ರಲ್ಲಿ ಆರಂಭವಾದ ಪವರ್ ಯೋಜನೆ ರಾಜ್ಯ ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಮಹಿಳೆಯರನ್ನು ಐಐಟಿಯವರ ಜೊತೆ ಸ್ಪರ್ಧೆಗಿಳಿಸದೆ ಬೇರೆ ಹಂತದಲ್ಲಿ ಪರಿಗಣಿಸಿತ್ತು. ಹೊಸ ಅರ್ಜಿ ಆಹ್ವಾನಗಳಿಗಾಗಿ ಎಎನ್‌ಆರ್‌ಎಫ್ ಪೋರ್ಟಲ್ ನೋಡುತ್ತಿರಿ.

ಪ್ರಶ್ನೆ: ಅಮೆರಿಕದ ಸಣ್ಣ ವಿಶ್ವವಿದ್ಯಾಲಯವೊಂದರಲ್ಲಿ ಜೀವವಿಜ್ಞಾನ ಕಲಿಸುತ್ತೇನೆ. ನನ್ನ ಕಿರಿಯ ಸಹೋದ್ಯೋಗಿಗಳಲ್ಲಿ ಹಲವರು ಕಪ್ಪು ಜನಾಂಗದವರು. ಎನ್‌ಐಎಚ್ (ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ) ಅನುದಾನ ಅವರಿಗೆ ಕಡಿಮೆ ಸಿಗುವುದಕ್ಕೆ ಬರವಣಿಗೆ ಕಾರಣವೇ, ಪಕ್ಷಪಾತವೇ? — ಹೊರದೇಶದ ಓದುಗರು

ಉತ್ತರ: ಬರವಣಿಗೆಯೊಂದನ್ನೇ ದೂರುವಂತಿಲ್ಲ. 2000ದಿಂದ 2006ರವರೆಗಿನ ಅರ್ಜಿಗಳನ್ನು ಪರಿಶೀಲಿಸಿ 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು, ಶಿಕ್ಷಣ, ತರಬೇತಿ, ಪ್ರಕಟಣೆಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಕಪ್ಪು ವಿಜ್ಞಾನಿಗಳಿಗೆ ಅನುದಾನ ಸಿಗುವ ಸಂಭವ ಬಿಳಿಯರಿಗಿಂತ 10 ಶೇಕಡಾ ಅಂಶಗಳಷ್ಟು ಕಡಿಮೆ ಎಂದು ಕಂಡಿತು. 2019ರ ಇನ್ನೊಂದು ಅಧ್ಯಯನದ ಪ್ರಕಾರ ಈ ಅಂತರದ ಐದನೆಯ ಒಂದಕ್ಕಿಂತ ಹೆಚ್ಚು ಪಾಲಿಗೆ ವಿಷಯದ ಆಯ್ಕೆ ಕಾರಣ: ಸಮುದಾಯದ ಆರೋಗ್ಯದಂಥ ವಿಷಯಗಳನ್ನು ಅವರು ಹೆಚ್ಚಾಗಿ ಆರಿಸಿಕೊಳ್ಳುತ್ತಾರೆ, ಆ ವಿಷಯಗಳಿಗೆ ಹಣ ಕಡಿಮೆ ಸಿಗುತ್ತದೆ. ನಮ್ಮ ಫ್ಲೋರೈಡ್ ಬಾವಿಗಳನ್ನು ‘ಸ್ಥಳೀಯ ಸಮಸ್ಯೆ’ ಎಂದು ಪಕ್ಕಕ್ಕಿಡುವ ಮನೋಭಾವವೂ ಇದಕ್ಕೆ ದೂರದ್ದಲ್ಲ. 2025ರಲ್ಲಿ ಅಲ್ಲಿನ ಸರ್ಕಾರ ವೈವಿಧ್ಯಕ್ಕಾಗಿ ಇದ್ದ ಹಲವು ಅನುದಾನಗಳನ್ನು ನಿಲ್ಲಿಸಿದ ಮೇಲೆ ನಿಮ್ಮಂಥ ಹಿರಿಯರ ಹೊಣೆ ಇನ್ನೂ ಹೆಚ್ಚಿದೆ.

ನೀವು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಮೊದಲ ತಿರಸ್ಕಾರದ ನಂತರ ಅವರ ಜೊತೆ ನಿಲ್ಲುವುದು. 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಒಂದೇ ಎನ್‌ಐಎಚ್ ಅರ್ಜಿಯನ್ನು ಓದಿದ ಬೇರೆ ಬೇರೆ ಪರಿಶೀಲಕರ ನಡುವೆ ಹೇಳಿಕೊಳ್ಳುವಂಥ ಒಮ್ಮತವೇ ಕಾಣಲಿಲ್ಲ. ಆದ್ದರಿಂದ ಒಂದು ಸಮಿತಿಯ ಅಂಕ ಅಂತಿಮ ತೀರ್ಪಲ್ಲ. ಪರಿಶೀಲನಾ ವರದಿ ಕೈಸೇರಿದ ವಾರದಲ್ಲೇ ಅವರೊಂದಿಗೆ ಕುಳಿತು ಓದಿ, ಎನ್‌ಐಎಚ್‌ನಲ್ಲಿ ಆ ಅರ್ಜಿಯ ಹೊಣೆ ಹೊತ್ತ ಪ್ರೋಗ್ರಾಂ ಆಫೀಸರ್‌ಗೆ ಫೋನ್ ಮಾಡಿಸಿ. ಸಂಕೋಚದಿಂದ ಫೋನ್ ಮಾಡದವರೇ ಹೆಚ್ಚು. ತಿದ್ದಿದ ಅರ್ಜಿಗೆ 37 ತಿಂಗಳ ಅವಧಿಯಲ್ಲಿ ಒಂದು ಅವಕಾಶವಿದೆ, ಅದೂ ಸೋತರೆ ಅದೇ ವಿಷಯವನ್ನು ಹೊಸ ಅರ್ಜಿಯಾಗಿ ಸಲ್ಲಿಸಲು ನಿಯಮದ ಅಡ್ಡಿಯಿಲ್ಲ.