ವಾಂತಿ-ಭೇದಿ ಒಂದು ಇಲಾಖೆಗೆ, ನೀರು ಇನ್ನೊಂದು ಇಲಾಖೆಗೆ

ಪ್ರಶ್ನೆ: ಮಾನ್ಯರೇ, ನಮ್ಮದು ವಠಾರದ ಮನೆ. ನಲ್ಲಿಯಲ್ಲಿ ನೀರು ಬಾರದ ದಿನ ಟ್ಯಾಂಕರ್ ನೀರನ್ನು ಡ್ರಮ್ಮಿನಲ್ಲಿ ತುಂಬಿಸಿಟ್ಟುಕೊಳ್ಳುತ್ತೇವೆ. ಮೂರು ವರ್ಷದ ಮಗನಿಗೆ ಈ ಬೇಸಿಗೆಯಲ್ಲಿ ಮೂರು ಸಲ ವಾಂತಿ-ಭೇದಿಯಾಯಿತು. ಪ್ರತಿ ಸಲವೂ ಸರ್ಕಾರಿ ಚಿಕಿತ್ಸಾಲಯದಲ್ಲಿ ಓಆರ್‌ಎಸ್ ಪೊಟ್ಟಣ, ಜಿಂಕ್ ಮಾತ್ರೆ ಉಚಿತವಾಗಿ ಕೊಟ್ಟರು. ನೀರಿನ ವಿಷಯ ಎತ್ತಿದರೆ ಅದು ತಮ್ಮ ಇಲಾಖೆಗೆ ಬರುವುದಿಲ್ಲ ಎಂದರು. ಔಷಧಕ್ಕೆ ಇರುವ ಹಣ ಕಾಯಿಲೆಯ ಮೂಲ ತೆಗೆಯಲು ಏಕೆ ಇರುವುದಿಲ್ಲ?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ಮೊದಲು ಮಗುವಿನ ವಿಷಯ. ಕುದಿಸಿ ಆರಿಸಿದ ನೀರನ್ನು ಮುಚ್ಚಳ ಮತ್ತು ನಲ್ಲಿ ಇರುವ ಪಾತ್ರೆಯಲ್ಲಿಡಿ. ಲೋಟ ಅದ್ದಿ ತೆಗೆಯುವಾಗ ಕೈ ತಾಗಿದರೆ ಕುದಿಸಿದ್ದೂ ವ್ಯರ್ಥವಾಗುತ್ತದೆ.

ಹಣ ಇಲ್ಲವೆಂದಲ್ಲ, ಅದು ಬೇರೆ ಬೇರೆ ಗಂಟುಗಳಲ್ಲಿದೆ. ರಾಜ್ಯದ ಆಯವ್ಯಯ ಪುಸ್ತಕವನ್ನು ತೆರೆದರೆ ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯಕ್ಕೆ 2210, ನೀರು ಪೂರೈಕೆ ಮತ್ತು ನೈರ್ಮಲ್ಯಕ್ಕೆ 2215, ವಸತಿಗೆ 2216, ಪೌಷ್ಟಿಕ ಆಹಾರಕ್ಕೆ 2236 ಎಂದು ಪ್ರತ್ಯೇಕ ಸಂಖ್ಯೆಯ ಲೆಕ್ಕಶೀರ್ಷಿಕೆಗಳು ಕಾಣುತ್ತವೆ. ಬೆಂಗಳೂರಿನಲ್ಲಿ ಜಲಮಂಡಳಿಗೂ ಕೊಳಗೇರಿ ಅಭಿವೃದ್ಧಿ ಮಂಡಳಿಗೂ ತಮ್ಮತಮ್ಮ ಲೆಕ್ಕವಿದೆ. ನಿಮ್ಮ ಬೀದಿಯ ಕೊಳವೆ ಸರಿಪಡಿಸಲು ನೀರಿನ ಲೆಕ್ಕದಿಂದ ಹಣ ಹೋದರೆ, ಅದರ ಉಳಿತಾಯ ಕಾಣಿಸುವುದು ಆಸ್ಪತ್ರೆಯ ಲೆಕ್ಕದಲ್ಲಿ. ಖರ್ಚು ಮಾಡಿದ ಅಧಿಕಾರಿಗೆ ಅದರ ಹೆಸರೂ ಬರುವುದಿಲ್ಲ. ನನ್ನ ದೃಷ್ಟಿಯಲ್ಲಿ ತೊಡಕಿನ ಬೇರು ಇಲ್ಲಿದೆ.

ಆಸ್ಪತ್ರೆಯ ಹೊರಗಿನ ಖರ್ಚು ಜೀವ ಉಳಿಸುತ್ತದೆ ಎಂಬುದು ಈ ಊರಿಗೆ ಹೊಸ ಮಾತಲ್ಲ. 1898ರ ಪ್ಲೇಗಿನ ನಂತರ ಇಕ್ಕಟ್ಟಾದ ಪೇಟೆಯಿಂದ ಜನ ಹೊರಬಂದು, ಅಗಲ ರಸ್ತೆ, ಗಾಳಿ-ಬೆಳಕಿರುವ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೇಗ ಬೆಳೆದವು. ಇತ್ತೀಚಿನ ಸಾಕ್ಷಿಯೂ ಇದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ವೈದ್ಯರ ಮುಂದಾಳತ್ವದಲ್ಲಿ ಜಾರ್ಖಂಡ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ಷಯರೋಗಿಗಳ ಮನೆಯವರಿಗೆ ಹೆಚ್ಚುವರಿ ಪಡಿತರ ಕೊಟ್ಟಾಗ ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಸುಮಾರು ಶೇ. 39ರಷ್ಟು ಕಡಿಮೆಯಾಯಿತು. ಅಕ್ಕಿ-ಬೇಳೆಯೇ ಅಲ್ಲಿ ಔಷಧದ ಕೆಲಸ ಮಾಡಿತು.

ಹಾಗಾದರೆ ಗಂಟುಗಳನ್ನು ಸೇರಿಸುವುದು ಹೇಗೆ? ಕರ್ನಾಟಕಕ್ಕೆ ಇದರ ಅಭ್ಯಾಸವಿದೆ. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ (ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆ) ಕಾಯ್ದೆಯ ಪ್ರಕಾರ ಯೋಜನಾ ವೆಚ್ಚದಲ್ಲಿ ಪರಿಶಿಷ್ಟರ ಜನಸಂಖ್ಯೆಗೆ ತಕ್ಕ ಪಾಲನ್ನು ತೆಗೆದಿರಿಸಬೇಕು; ರಸ್ತೆ, ವಸತಿ, ಶಿಕ್ಷಣ ಎನ್ನದೆ ಹಲವು ಇಲಾಖೆಗಳು ಅದಕ್ಕೆ ಲೆಕ್ಕ ಕೊಡಬೇಕು. ಆ ಹಣ ಬೇರೆಡೆಗೆ ತಿರುಗಿತೆಂಬ ದೂರುಗಳು ಇದ್ದೇ ಇವೆ. ಆದರೆ ಲೆಕ್ಕವಿರುವುದರಿಂದಲೇ ದೂರಲು ಸಾಧ್ಯವಾಗಿದೆ. ಇದೇ ರೀತಿ ನೀರು, ವಸತಿ, ಆಹಾರ ಇಲಾಖೆಗಳು ತಮ್ಮ ಖರ್ಚಿನಿಂದ ಯಾವ ವಾರ್ಡಿನಲ್ಲಿ ಯಾವ ಕಾಯಿಲೆ ಎಷ್ಟು ತಗ್ಗಿತೆಂದು ಆಯವ್ಯಯದ ಜೊತೆಗೆ ಹೇಳುವಂತಾಗಬೇಕು, ಮತ್ತು ಕಾಯಿಲೆ ಹೆಚ್ಚಿರುವ ವಾರ್ಡುಗಳಿಗೆ ಎಲ್ಲ ಇಲಾಖೆಗಳೂ ಪಾಲು ಹಾಕುವ ಒಂದು ಜಂಟಿ ನಿಧಿ ಇರಬೇಕು. ಆಸ್ಪತ್ರೆಯ ಹಣವನ್ನು ಕಿತ್ತು ಕೊಳವೆಗೆ ಹಾಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರೊಳಗೆ ಸರ್ಕಾರಿ ಆರೋಗ್ಯ ವೆಚ್ಚವನ್ನು ಜಿಡಿಪಿಯ ಶೇ. 2.5ಕ್ಕೆ ಏರಿಸುವ ಗುರಿ ಇಟ್ಟಿತ್ತು. 2021–22ರಲ್ಲಿ ಅದು ಶೇ. 1.84ರಲ್ಲಿತ್ತು. ಇರುವುದೇ ಸಾಲದು.

ನಿಮಗೆ ಹತ್ತಿರದ ದಾರಿಯೊಂದಿದೆ. ನಗರ ಆರೋಗ್ಯ ಅಭಿಯಾನದಡಿ ಕೊಳಗೇರಿ ಮತ್ತು ಬಡವರ ಬಡಾವಣೆಗಳಲ್ಲಿ ಮಹಿಳಾ ಆರೋಗ್ಯ ಸಮಿತಿಗಳಿದ್ದು, ಇಂಥದ್ದಕ್ಕೇ ಎಂದು ಕಟ್ಟುಹಾಕದ 5,000 ರೂಪಾಯಿ ವರ್ಷಕ್ಕೊಮ್ಮೆ ಅವುಗಳ ಕೈಸೇರುತ್ತದೆ. ಮೊತ್ತ ಚಿಕ್ಕದು, ಆದರೆ ಅಲ್ಲಿ ನೀರನ್ನೂ ಆರೋಗ್ಯವನ್ನೂ ಒಟ್ಟಿಗೆ ಮಾತಾಡಬಹುದು. ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಮಗುವಿಗೆ ಭೇದಿಯಾದ ದಿನಾಂಕಗಳನ್ನೂ ಟ್ಯಾಂಕರ್ ಬಂದ ದಿನಾಂಕಗಳನ್ನೂ ಒಂದೇ ಹಾಳೆಯಲ್ಲಿ ಎದುರುಬದುರು ಬರೆದು, ಒಂದು ಪ್ರತಿಯನ್ನು ಆರೋಗ್ಯಾಧಿಕಾರಿಗೂ ಇನ್ನೊಂದನ್ನು ಜಲಮಂಡಳಿಯ ಎಂಜಿನಿಯರಿಗೂ ಕೊಟ್ಟು, ಎರಡಕ್ಕೂ ಸ್ವೀಕೃತಿ ಪಡೆದುಕೊಳ್ಳಿ.